ಗಾಳಿ ತುಂಬ ಸಾರಜನಕ, ಹೊಲಕ್ಕೂ ಕಡಲಿಗೂ ಬರ

ಒಂದು ಕ್ವಿಂಟಲ್ ತೊಗರಿಯಲ್ಲಿ ಸುಮಾರು ಮೂರೂವರೆ ಕಿಲೋ ಸಾರಜನಕ ಇರುತ್ತದೆ. ಲೆಕ್ಕ ಸರಳ: ಕಾಳಿನಲ್ಲಿ ಪ್ರೋಟೀನು ನೂರಕ್ಕೆ 22ರಷ್ಟು, ಪ್ರೋಟೀನಿನ ತೂಕವನ್ನು 6.25ರಿಂದ ಭಾಗಿಸಿದರೆ ಸಾರಜನಕದ ತೂಕ ಸಿಗುತ್ತದೆ. ಎಕರೆಗೆ ಐದು ಕ್ವಿಂಟಲ್ ಬಂತು ಅಂದರೆ ಕಲಬುರಗಿ ಎಪಿಎಂಸಿಗೆ ಹೋದ ಚೀಲಗಳ ಜೊತೆ ಹದಿನೇಳೂವರೆ ಕಿಲೋ ಸಾರಜನಕ ಹೊಲ ಬಿಟ್ಟು ಹೋಯಿತು. ಬಿತ್ತುವಾಗ ಹಾಕಿದ್ದು 50 ಕಿಲೋದ ಒಂದು ಡಿಎಪಿ ಚೀಲ, ಅದರಲ್ಲಿದ್ದದ್ದು 9 ಕಿಲೋ. ಅದೂ ಪೂರ್ತಿ ಗಿಡದ ಹೊಟ್ಟೆಗೆ ಹೋಗಿರುವುದಿಲ್ಲ. ಎಲೆ, ಕಟ್ಟಿಗೆ, ಬೇರುಗಳನ್ನೂ ಲೆಕ್ಕಕ್ಕೆ ಹಿಡಿದರೆ ಅಂತರ ಇನ್ನೂ ಹಿಗ್ಗುತ್ತದೆ. ಆ ಅಂತರವನ್ನು ಮಣ್ಣು ಒಂದಿಷ್ಟು ತುಂಬುತ್ತದೆ, ಉಳಿದದ್ದನ್ನು ಬೇರಿನ ಗಂಟುಗಳೊಳಗೆ ಕುಳಿತ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ತುಂಬುತ್ತದೆ.

ಇದೇ ಜಮಾ-ಖರ್ಚನ್ನು ಸಮುದ್ರಕ್ಕೂ ಹಾಕಬಹುದು. ಜಗತ್ತಿನ ಹಸಿರು ಜೀವಿಗಳೆಲ್ಲ ಸೇರಿ ವರ್ಷಕ್ಕೆ ಕಟ್ಟುವ ಇಂಗಾಲದಲ್ಲಿ ಹತ್ತಿರ ಹತ್ತಿರ ಅರ್ಧ, ಅಂದರೆ ಸುಮಾರು 50 ಶತಕೋಟಿ ಟನ್, ಸಮುದ್ರದ ತೇಲುವ ಸೂಕ್ಷ್ಮ ಸಸ್ಯಗಳದು. ಅವುಗಳ ಮೈಯಲ್ಲಿ ಇಂಗಾಲ, ಸಾರಜನಕ, ರಂಜಕದ ಪರಮಾಣುಗಳು ಸರಾಸರಿ 106:16:1ರ ಪ್ರಮಾಣದಲ್ಲಿರುತ್ತವೆ. ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಹಿಡಿದುಕೊಟ್ಟ ಎಳೆ ಇದು, ಇವತ್ತಿಗೂ ಸಮುದ್ರ ವಿಜ್ಞಾನದವರ ಕೈಬಿಟ್ಟಿಲ್ಲ. ಇದನ್ನು ತೂಕಕ್ಕೆ ತಿರುಗಿಸಿದರೆ ಒಂದು ಗ್ರಾಂ ಸಾರಜನಕಕ್ಕೆ ಸುಮಾರು 5.7 ಗ್ರಾಂ ಇಂಗಾಲ. ಮೀನು, ಸಿಗಡಿ, ತಿಮಿಂಗಿಲ ಎಲ್ಲದರ ಹೊಟ್ಟೆ ತುಂಬುವುದು ಆ ಇಂಗಾಲದ ಮೇಲೆಯೇ. ಆದರೆ ಬೆಚ್ಚಗಿನ ಸಮುದ್ರಗಳ ಮೇಲ್ಪದರದಲ್ಲಿ ಸಸ್ಯಗಳಿಗೆ ಒದಗುವ ರೂಪದ ಸಾರಜನಕ, ಅಂದರೆ ನೈಟ್ರೇಟ್, ಇಲ್ಲವೆನ್ನುವಷ್ಟು ಕಡಿಮೆ. ತಳದ ತಣ್ಣೀರಿನಲ್ಲಿ ಅದು ಬೇಕಾದಷ್ಟಿದೆ, ಮೇಲಿನ ಬಿಸಿ ಹಗುರ ನೀರು ಅದನ್ನು ಏರಗೊಡುವುದಿಲ್ಲ.

ಸಾರಜನಕ ಅನ್ನುವ ವಸ್ತುವಿಗೆ ಮಾತ್ರ ಎಲ್ಲೂ ಕೊರತೆಯಿಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ನಿಂತ ಗಾಳಿಯಲ್ಲಿ ಏಳು ಟನ್‌ಗೂ ಹೆಚ್ಚು ಸಾರಜನಕವಿದೆ. ಬೆಚ್ಚಗಿನ ಕಡಲ ನೀರಿನ ಒಂದು ಲೀಟರಿನಲ್ಲಿ ಅನಿಲವಾಗಿಯೇ ಕರಗಿರುವುದು ಹತ್ತು ಮಿಲಿಗ್ರಾಂನ ಆಸುಪಾಸು. ಹಾಗಾಗಿ ಹೊಲದಲ್ಲಾಗಲಿ ಕಡಲಲ್ಲಾಗಲಿ ಕೇಳಬೇಕಾದ ಪ್ರಶ್ನೆ ಸಾರಜನಕ ಎಷ್ಟಿದೆ ಅಂತಲ್ಲ. ಅದನ್ನು ಹಿಡಿದು ತರುವ ಜೀವಿಗೆ ಕೊಡಬೇಕಾದ ಕೂಲಿ ಅಲ್ಲಿ ಇದೆಯೇ ಅಂತ ಕೇಳಬೇಕು. ಕೂಲಿಯನ್ನು ಅದು ಶಕ್ತಿ, ಕಬ್ಬಿಣ ಮತ್ತು ರಂಜಕದ ರೂಪದಲ್ಲಿ ಕೇಳುತ್ತದೆ. ಜೊತೆಗೆ ಆಮ್ಲಜನಕ ನುಗ್ಗದ ಒಂದು ಜಾಗವೂ ಬೇಕು.

ಗಾಳಿಯ ಸಾರಜನಕದ ಅಣುವಿನಲ್ಲಿ ಎರಡು ಪರಮಾಣುಗಳನ್ನು ಮೂರು ಬಂಧಗಳು ಹಿಡಿದಿವೆ. ಕಾರ್ಖಾನೆಯಲ್ಲಿ ಅದನ್ನು ಬಿಡಿಸಿ ಅಮೋನಿಯ ಮಾಡಲು 400ರಿಂದ 500 ಡಿಗ್ರಿ ಶಾಖ, ವಾತಾವರಣದ 150ರಿಂದ 250 ಪಟ್ಟು ಒತ್ತಡ ಬೇಕು. ಫ್ರಿಟ್ಜ್ ಹೇಬರ್ 1909ರಲ್ಲಿ ಮೇಜಿನ ಮೇಲೆ ಮಾಡಿ ತೋರಿಸಿದ್ದು 1913ರಲ್ಲಿ ಜರ್ಮನಿಯ ಓಪ್ಪೌದಲ್ಲಿ ಕಾರ್ಖಾನೆಯಾಯಿತು. ಸೊಸೈಟಿಯಲ್ಲಿ ಸಿಗುವ ಯೂರಿಯಾ ಚೀಲ ಇವತ್ತಿಗೂ ಅದೇ ದಾರಿಯಲ್ಲಿ ಬರುತ್ತದೆ. ಬ್ಯಾಕ್ಟೀರಿಯಾ ಈ ಕೆಲಸವನ್ನು ಮಣ್ಣಿನ ಶಾಖದಲ್ಲೇ, ನೈಟ್ರೋಜಿನೇಸ್ ಅನ್ನುವ ಕಿಣ್ವದಿಂದ ಮುಗಿಸುತ್ತದೆ. ಹಾಗಂತ ಅದು ಪುಕ್ಕಟೆ ಕೆಲಸವಲ್ಲ. ಒಂದು ಅಣು ಸಾರಜನಕಕ್ಕೆ ಕನಿಷ್ಠ 16 ಎಟಿಪಿ (ಕೋಶದಲ್ಲಿ ಶಕ್ತಿ ಹೊರುವ ಅಣು), 8 ಇಲೆಕ್ಟ್ರಾನ್ ಖರ್ಚಾಗುತ್ತವೆ. ಆ ಎಂಟರಲ್ಲಿ ಎರಡು ಜಲಜನಕದ ಅನಿಲವಾಗಿ ಪೋಲಾಗುತ್ತವೆ. ಕಿಣ್ವದ ಗುಂಡಿಗೆಯಂತಿರುವ ಸಣ್ಣ ಗುಚ್ಛದಲ್ಲಿ 7 ಕಬ್ಬಿಣ, 9 ಗಂಧಕ, 1 ಮಾಲಿಬ್ಡಿನಮ್, ನಡುವೆ 1 ಇಂಗಾಲದ ಪರಮಾಣು ಇವೆ. ಸುತ್ತಮುತ್ತಲಿನ ಉಳಿದ ಗುಚ್ಛಗಳಲ್ಲಿ ಮತ್ತಷ್ಟು ಕಬ್ಬಿಣ. ಮೇಲಾಗಿ ಇದು ನಿಧಾನಿ, ಸೆಕೆಂಡಿಗೆ ಕೆಲವೇ ಅಣುಗಳನ್ನು ಮುಗಿಸುತ್ತದೆ. ಆದ್ದರಿಂದ ಜೀವಕೋಶ ಈ ಕಿಣ್ವವನ್ನು ರಾಶಿಗಟ್ಟಲೆ ಇಟ್ಟುಕೊಳ್ಳಬೇಕು, ಕಬ್ಬಿಣವೂ ಅದಕ್ಕೆ ತಕ್ಕಂತೆ ಬೇಕು.

ಆಮ್ಲಜನಕ ತಾಗಿದರೆ ಈ ಕಿಣ್ವ ಕೆಡುತ್ತದೆ. ಕೆಟ್ಟದ್ದು ಮತ್ತೆ ಸರಿಹೋಗುವುದಿಲ್ಲ. ಆದರೆ 16 ಎಟಿಪಿ ಹುಟ್ಟಿಸಲು ಉಸಿರಾಟ ಬೇಕು, ಉಸಿರಾಟಕ್ಕೆ ಆಮ್ಲಜನಕವೇ ಬೇಕು. ಈ ಇಕ್ಕಟ್ಟಿಗೆ ಒಂದೊಂದು ಜೀವಿ ಒಂದೊಂದು ದಾರಿ ಹುಡುಕಿಕೊಂಡಿದೆ. ಈ ವಿಷಯದಲ್ಲಿ ಎಲ್ಲಕ್ಕಿಂತ ರುಚಿಯಾದ ಭಾಗ ಇದು.

ತೊಗರಿಯ ದಾರಿ ಲೆಗ್‌ಹಿಮೋಗ್ಲೋಬಿನ್. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿ, ಕಬ್ಬಿಣವುಳ್ಳ ಕೆಂಪು ಪ್ರೋಟೀನು. ಗಂಟಿನೊಳಗಿನ ಆಮ್ಲಜನಕವನ್ನು ಇದು ಹಿಡಿದು, ಬ್ಯಾಕ್ಟೀರಿಯಾದ ಉಸಿರಾಟಕ್ಕೆ ಎಷ್ಟು ಬೇಕೋ ಅಷ್ಟೇ ಸಾಗಿಸುತ್ತದೆ. ಬಿಡಿಯಾಗಿ ಓಡಾಡಲು ಬಿಡುವುದಿಲ್ಲ. ಗಂಟು ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಹೊಲದಲ್ಲೇ ನೋಡಬಹುದಾದದ್ದು ಈ ಕೆಂಪಿನಿಂದ. ಬಿತ್ತಿದ 35ರಿಂದ 45 ದಿನಕ್ಕೆ, ನೆಲದಲ್ಲಿ ಹಸಿ ಇರುವಾಗ, ಗಿಡದ ಸುತ್ತ ಒಂದು ಗೇಣು ಬಿಟ್ಟು ಸನಿಕೆಯಿಂದ ಮಣ್ಣಿನ ಹೆಂಟೆಯ ಸಮೇತ ಎತ್ತಬೇಕು. ಕೈಯಿಂದ ಕಿತ್ತರೆ ಎರೆ ಮಣ್ಣು ಗಂಟುಗಳನ್ನು ತನ್ನಲ್ಲೇ ಉಳಿಸಿಕೊಂಡು ಬರೀ ಬೇರನ್ನು ಕೊಡುತ್ತದೆ. ಆಮೇಲೆ ‘ಗಂಟೇ ಇಲ್ರೀ’ ಅನ್ನುವ ಮಾತು ಹುಟ್ಟುತ್ತದೆ. ಹೆಂಟೆಯನ್ನು ಅರ್ಧ ತಾಸು ಬಕೆಟ್ ನೀರಿನಲ್ಲಿ ನೆನೆಯಲು ಬಿಟ್ಟು, ಉಜ್ಜದೆ ಅಲ್ಲಾಡಿಸಿ ತೊಳೆಯಬೇಕು. ನಾಲ್ಕೈದು ಗಂಟುಗಳನ್ನು ಉಗುರಿನಿಂದ ಸೀಳಿ ನೋಡಿದರೆ ಒಳಗೆ ಗುಲಾಬಿ ಅಥವಾ ರಕ್ತಗೆಂಪು ಇದ್ದರೆ ಕೆಲಸ ನಡೆದಿದೆ. ಬಿಳಿ ಇದ್ದರೆ ಇನ್ನೂ ಎಳೆಯದು ಅಥವಾ ಕೆಲಸಕ್ಕೆ ಬಾರದ ತಳಿ ಒಳಹೊಕ್ಕಿದೆ. ಹಸಿರು ಕಂದು ಇದ್ದರೆ ಆಯಸ್ಸು ಮುಗಿದಿದೆ. ಒಳಗೆ ಟೊಳ್ಳಾಗಿ ಮಣ್ಣು ತುಂಬಿದ್ದರೆ ಗಂಟು ತಿನ್ನುವ ನೊಣದ ಮರಿಹುಳದ ಕೆಲಸ. ರಿವೆಲಿಯಾ ಅಂಗುಲಾಟ ಎಂಬ ಈ ನೊಣದ ಕಾಟ ಎರೆ ಭೂಮಿಯ ತೊಗರಿಗೆ ಇದೆ. ಇನ್ನೊಂದು ಎಚ್ಚರ: ಜಂತುಹುಳ ಬಿದ್ದ ಬೇರೂ ಗಂಟುಗಂಟಾಗಿಯೇ ಕಾಣುತ್ತದೆ. ಬೆರಳಿನಿಂದ ತಳ್ಳಿದರೆ ರೈಜೋಬಿಯಂ ಗಂಟು ಬೇರಿನ ಪಕ್ಕದಿಂದ ಕಳಚಿಕೊಳ್ಳುತ್ತದೆ, ಜಂತುಹುಳದ ಗಂಟು ಬೇರೇ ಊದಿಕೊಂಡದ್ದು, ಅದು ಕಳಚುವುದಿಲ್ಲ.

ಗಂಟಿಗೆ ಆಮ್ಲಜನಕ ಹೆಚ್ಚಾದರೂ ಕಷ್ಟ, ಪೂರ್ತಿ ನಿಂತರೂ ಕಷ್ಟ. ಜುಲೈ ಆಗಸ್ಟಿನಲ್ಲಿ ಎಡೆಬಿಡದೆ ಮಳೆ ಹಿಡಿದಾಗ ಎರೆ ಹೊಲದ ತಗ್ಗಿನಲ್ಲಿ ತೊಗರಿ ಹಳದಿಯಾಗಿ ನಿಲ್ಲುವುದು ಇದಕ್ಕೇ. ಉಬ್ಬಿದ ಜೇಡಿಯ ರಂಧ್ರಗಳು ನೀರಿನಿಂದ ಮುಚ್ಚಿ, ಗಂಟಿನ ಉಸಿರು ಕಟ್ಟಿ, ಸಾರಜನಕ ಹಿಡಿಯುವುದು ನಿಲ್ಲುತ್ತದೆ. ಆಗ ಯೂರಿಯಾ ಚೆಲ್ಲುವವರಿದ್ದಾರೆ. ನಿಂತ ನೀರಿನಲ್ಲಿ ಅದರ ಒಂದು ಪಾಲು ಮತ್ತೆ ಅನಿಲವಾಗಿ ಹಾರಿಹೋಗುತ್ತದೆ. ಮೊದಲು ಕಾಲುವೆ ತೆಗೆದು ನೀರು ಹೊರಹಾಕಬೇಕು, ಹದ ಬಂದ ಮೇಲೆ ಎಡೆ ಹೊಡೆದರೆ ನೆಲಕ್ಕೆ ಗಾಳಿ ಸಿಗುತ್ತದೆ.

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆ ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ಬೇರೆ ಜೀವಿ, ಬೇರೆ ದಾರಿ. ಭಾರತದ ಭತ್ತದ ಗದ್ದೆಯಲ್ಲಿ ನೀಲಿ ಹಸಿರು ಪಾಚಿ ಗಾಳಿಯ ಸಾರಜನಕ ಹಿಡಿಯುತ್ತದೆಂದು ಪಿ. ಕೆ. ಡೇ 1939ರಲ್ಲೇ ತೋರಿಸಿದ್ದರು. ಅಜೋಲಾ ಎಂಬ ತೇಲುವ ಗಿಡದ ಎಲೆಯ ಪೊಟರೆಯಲ್ಲಿರುವ ಅನಬೀನಾ ಇಂಥದೇ ಪಾಚಿ, ಅದು ಸರಪಣಿಯಂತೆ ಬೆಳೆಯುತ್ತದೆ, ಆ ಸರಪಣಿಯಲ್ಲಿ ನಡುನಡುವೆ ಒಂದೊಂದು ಕೋಶ ದಪ್ಪ ಗೋಡೆ ಕಟ್ಟಿಕೊಂಡು, ಆಮ್ಲಜನಕ ಹುಟ್ಟಿಸುವ ದ್ಯುತಿಸಂಶ್ಲೇಷಣೆಯನ್ನೇ ಬಿಟ್ಟುಕೊಟ್ಟು, ಸಾರಜನಕದ ಕೆಲಸಕ್ಕೆ ಮೀಸಲಾಗುತ್ತದೆ. ಸಕ್ಕರೆ ಪಕ್ಕದ ಕೋಶಗಳಿಂದ ಬರುತ್ತದೆ, ಸಾರಜನಕ ಅವುಗಳಿಗೆ ಹೋಗುತ್ತದೆ. ಪಾಚಿಯ ಪುಡಿಯನ್ನು ಎಕರೆಗೆ 4 ಕಿಲೋದಂತೆ, ನಾಟಿಯಾದ ಹತ್ತು ದಿನಕ್ಕೆ, ನಿಂತ ನೀರಿನ ಮೇಲೆ ಚೆಲ್ಲುವುದು ರೂಢಿ. ಗದ್ದೆ ಒಣಗಿದರೆ ಕೆಲಸ ನಿಂತಿತು. ಅಜೋಲಾಕ್ಕೆ ನಮ್ಮ ಬೇಸಿಗೆಯೇ ಶತ್ರು: ನೀರು 35 ಡಿಗ್ರಿ ದಾಟಿದರೆ ಅದು ಸೊರಗುತ್ತದೆ, ರಂಜಕ ಕಡಿಮೆಯಾದರೆ ಕೆಂಪಾಗಿ ಬೆಳವಣಿಗೆ ನಿಲ್ಲುತ್ತದೆ.

ಸಮುದ್ರದಲ್ಲಿ ಇದೇ ದಪ್ಪಗೋಡೆಯ ಉಪಾಯವನ್ನು ರಿಚೇಲಿಯಾ ಎಂಬ ನೀಲಿ ಹಸಿರು ಪಾಚಿ ಬಳಸುತ್ತದೆ. ಅದು ಡಯಾಟಮ್ ಎಂಬ ಗಾಜಿನ ಚಿಪ್ಪಿನ ಪಾಚಿಯ ಜೊತೆ ಸೇರಿಕೊಂಡು ಬಾಳುತ್ತದೆ. ಕ್ರೋಕೋಸ್ಫೇರಾ ಒಂಟಿ ಕೋಶ, ಅದರದು ಪಾಳಿಯ ಉಪಾಯ: ಹಗಲು ಬೆಳಕಿನಿಂದ ಸಕ್ಕರೆ ಮಾಡಿ ಕೂಡಿಡುತ್ತದೆ, ರಾತ್ರಿ ಅದನ್ನು ಉರಿಸಿ ಸಾರಜನಕ ಹಿಡಿಯುತ್ತದೆ. ಇದಕ್ಕಿಂತ ಜಾಣತನ ಅದರ ಕಬ್ಬಿಣದ ಲೆಕ್ಕದಲ್ಲಿದೆ. ಬೆಳಗಾದೊಡನೆ ನೈಟ್ರೋಜಿನೇಸನ್ನು ಬಿಚ್ಚಿ ಅದರ ಕಬ್ಬಿಣವನ್ನು ದ್ಯುತಿಸಂಶ್ಲೇಷಣೆಯ ಪ್ರೋಟೀನುಗಳಿಗೆ ಹಚ್ಚುತ್ತದೆ, ಸಂಜೆಗೆ ಮತ್ತೆ ತಿರುಗಿಸುತ್ತದೆ. ಪ್ರತಿದಿನ ಕಿಣ್ವ ಒಡೆದು ಕಟ್ಟುವುದು ಶಕ್ತಿಯ ದುಂದು, ಆದರೆ ಇದರಿಂದ ಬೇಕಾಗುವ ಕಬ್ಬಿಣ ಸುಮಾರು 40 ಶೇಕಡಾ ಇಳಿಯುತ್ತದೆಂದು 2011ರಲ್ಲಿ ಲೆಕ್ಕ ಹಾಕಿದರು. ನಡುಗಡಲಲ್ಲಿ ಬಿಸಿಲಿಗೆ ಬರವಿಲ್ಲ, ಕಬ್ಬಿಣಕ್ಕಿದೆ. ಆ ಜೀವಿಯ ವ್ಯಾಪಾರ ಸರಿಯಾಗಿಯೇ ಇದೆ.

ಇವೆಲ್ಲವುಗಳಲ್ಲಿ ಹೆಸರುವಾಸಿ ಟ್ರೈಕೋಡೆಸ್ಮಿಯಮ್. ಕೋಶಗಳು ಸಾಲಾಗಿ ಕೂಡಿ ಎಳೆ, ಎಳೆಗಳು ಸೇರಿ ಕಣ್ಣಿಗೆ ಕಾಣುವಷ್ಟು ದೊಡ್ಡ ಗೊಂಚಲು. ಕೋಶದೊಳಗಿನ ಗಾಳಿಚೀಲಗಳು ಅದನ್ನು ತೇಲಿಸುತ್ತವೆ. ಗಾಳಿಯಿಲ್ಲದ ದಿನ ಮೈಲುಗಟ್ಟಲೆ ಮೇಲ್ಮೈಯಲ್ಲಿ ಕಂದು ಹೊಟ್ಟಿನಂತೆ ಹರಡುತ್ತದೆ. 1770ರಲ್ಲಿ ಆಸ್ಟ್ರೇಲಿಯದ ಕರಾವಳಿಯಲ್ಲಿ ಕ್ಯಾಪ್ಟನ್ ಕುಕ್‌ನ ನಾವಿಕರು ಇದನ್ನು ಕಡಲ ಗರಗಸದ ಹೊಟ್ಟು ಅಂದಿದ್ದರು. ದಪ್ಪಗೋಡೆಯ ಕೋಶ ಇದಕ್ಕಿಲ್ಲ, ರಾತ್ರಿ ಪಾಳಿಯೂ ಇಲ್ಲ. ಹಾಡುಹಗಲಲ್ಲೇ ಆಮ್ಲಜನಕವನ್ನೂ ಹುಟ್ಟಿಸುತ್ತದೆ, ಸಾರಜನಕವನ್ನೂ ಹಿಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಂದನ್ನು ತಗ್ಗಿಸಿ ಇನ್ನೊಂದನ್ನು ಏರಿಸುವ ಹೊಂದಾಣಿಕೆ ಗೊತ್ತಾಗಿದೆ. ಇದು ಗಾಳಿಯ ಸಾರಜನಕ ಹಿಡಿಯುತ್ತದೆಂದು ಡಗ್‌ಡೇಲ್, ಮೆಂಜೆಲ್, ರೈದರ್ 1961ರಲ್ಲಿ ಸರ್ಗಾಸೊ ಸಮುದ್ರದಲ್ಲಿ ತೋರಿಸಿದರು.

ನಮಗೆ ಹತ್ತಿರದ ಟ್ರೈಕೋಡೆಸ್ಮಿಯಮ್ ಅರಬ್ಬಿ ಸಮುದ್ರದ್ದು. ಮಂಗಳೂರು, ಗೋವಾ ಕರಾವಳಿಯಲ್ಲಿ ಫೆಬ್ರವರಿಯಿಂದ ಮೇ ನಡುವೆ, ಮುಂಗಾರು ಹುಟ್ಟುವ ಮೊದಲು, ಗಾಳಿ ಬಿದ್ದು ನೀರು ಕಾದು ಮೇಲ್ಪದರದ ನೈಟ್ರೇಟ್ ಬರಿದಾದಾಗ ಇದು ಎದ್ದು ಕಾಣುತ್ತದೆ. ಕಲಬುರಗಿಯಲ್ಲಿ ಹೊಲ ಬಿರಿದು ಬಾಯ್ದೆರೆದು ಮಲಗಿರುವ ತಿಂಗಳುಗಳೇ ಅವು. ಜೂನ್ ದಾಟಿ ಗಾಳಿ ಜೋರಾದರೆ ಕರಾವಳಿಗುಂಟ ತಳದ ತಣ್ಣೀರು ಮೇಲೇಳುತ್ತದೆ, ನೈಟ್ರೇಟ್ ಬರುತ್ತದೆ, ವೇಗವಾಗಿ ಬೆಳೆಯುವ ಡಯಾಟಮ್‌ಗಳು ಮೇಲುಗೈ ಪಡೆಯುತ್ತವೆ. ಟ್ರೈಕೋಡೆಸ್ಮಿಯಮ್ ನಿಧಾನದ್ದು, ಇಮ್ಮಡಿಯಾಗಲು ಮೂರರಿಂದ ಐದು ದಿನ ಬೇಕು. ಬೇರೆಯವರಿಗೆ ಊಟವಿಲ್ಲದಾಗ ಮಾತ್ರ ಅದರ ದರ್ಬಾರು. ಅದನ್ನು ನೇರವಾಗಿ ತಿನ್ನುವವರೂ ಕಡಿಮೆ. ಆದರೂ ಹಿಡಿದ ಸಾರಜನಕದಲ್ಲಿ ದೊಡ್ಡ ಪಾಲನ್ನು ಅದು ನೀರಿಗೆ ಸೋರಿಸುತ್ತದೆ, ಸತ್ತು ಕೊಳೆತಾಗ ಉಳಿದದ್ದೂ ಅಮೋನಿಯವಾಗಿ ಬಿಡುಗಡೆಯಾಗುತ್ತದೆ, ಹಿಂದೆಯೇ ಬೇರೆ ಪಾಚಿಗಳು ಏಳುತ್ತವೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು 1970ರ ದಶಕದಲ್ಲೇ ಈ ಸರದಿಯನ್ನು ದಾಖಲಿಸಿದ್ದಾರೆ. ಹವಾಯಿ ಹತ್ತಿರದ ಅಲೋಹಾ ಎಂಬ ನಿಗದಿತ ತಾಣದಲ್ಲಿ 1988ರಿಂದ ಬಿಡದೆ ಅಳತೆ ನಡೆದಿದೆ. ಅಲ್ಲಿ ಹೊಸದಾಗಿ ಒದಗುವ ಸಾರಜನಕದ ಮೇಲೆ ನಡೆಯುವ ಉತ್ಪಾದನೆಯಲ್ಲಿ ಅರ್ಧದವರೆಗೂ ಇಂಥ ಜೀವಿಗಳ ಕೊಡುಗೆ ಇರಬಹುದೆಂಬ ಅಂದಾಜಿದೆ.

ಈಗ ಕಬ್ಬಿಣಕ್ಕೆ ಬರೋಣ, ಹೊಲದ ಕಷ್ಟವೂ ಕಡಲಿನ ಕಷ್ಟವೂ ಒಂದೇ ಆಗುವುದು ಇಲ್ಲಿ. ಎರೆ ಮಣ್ಣು ಬಸಾಲ್ಟ್ ಕಲ್ಲಿನಿಂದ ಹುಟ್ಟಿದ್ದು, ಅದರಲ್ಲಿ ಕಬ್ಬಿಣ ಹೇರಳ. ಆದರೆ ನಮ್ಮ ಎಷ್ಟೋ ಎರೆ ಹೊಲಗಳ ಪಿಎಚ್ 8ರ ಆಸುಪಾಸು, ಸುಣ್ಣದ ಹರಳೂ ಜಾಸ್ತಿ. ಸಮುದ್ರದ ಮೇಲ್ನೀರಿನ ಪಿಎಚ್ ಕೂಡ 8.1ರ ಸುಮಾರು. ಗಾಳಿಯಾಡುವ, ಕ್ಷಾರದ ಕಡೆ ವಾಲಿದ ಇಂಥ ಜಾಗದಲ್ಲಿ ಕಬ್ಬಿಣ ತುಕ್ಕಾಗಿ ಕೂರುತ್ತದೆ, ಕರಗುವುದಿಲ್ಲ. ಹೊಲದಲ್ಲಿ ಶೇಂಗಾ, ಸೋಯಾಗಳ ಎಳೆ ಎಲೆ ನರ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಗುವುದು ಇದರಿಂದ. ಆಗ ಮಣ್ಣಿಗೆ ಫೆರಸ್ ಸಲ್ಫೇಟ್ ಸುರಿದರೆ ಹೆಚ್ಚು ಉಪಯೋಗವಿಲ್ಲ, ಬೇಗನೆ ಅದೂ ತುಕ್ಕಿನ ರೂಪಕ್ಕೆ ಹೋಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ತಂಪು ಹೊತ್ತಿನಲ್ಲಿ ಎಲೆಗೆ ಸಿಂಪಡಿಸಬೇಕು, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಸಿಟ್ರಿಕ್ ಆಮ್ಲ ಇಲ್ಲದಿದ್ದರೆ ಡಬ್ಬದಲ್ಲೇ ದ್ರಾವಣ ಕೆಂಪು ತಿರುಗುತ್ತದೆ. ತಿರುಗಿದ್ದು ಕೆಲಸಕ್ಕೆ ಬಾರದು.

ನಡುಗಡಲಿಗೆ ಸಿಂಪಡಿಸುವವರಿಲ್ಲ, ಧೂಳೇ ಗತಿ. ಉತ್ತರ ಅಟ್ಲಾಂಟಿಕಕ್ಕೆ ಸಹಾರಾದ ಧೂಳು ಬೀಳುತ್ತದೆ, ಅರಬ್ಬಿ ಸಮುದ್ರಕ್ಕೆ ಅರೇಬಿಯದ ಮರುಭೂಮಿಯದು. ಟ್ರೈಕೋಡೆಸ್ಮಿಯಮ್ಮಿನ ಗೊಂಚಲು ಬಿದ್ದ ಧೂಳಿನ ಕಣಗಳನ್ನು ಹಿಡಿದು ತನ್ನ ನಡುವಿಗೆ ಸರಿಸಿಕೊಂಡು ಕಬ್ಬಿಣ ಕರಗಿಸಿಕೊಳ್ಳುವುದನ್ನು ಕೆಂಪು ಸಮುದ್ರದ ಮಾದರಿಗಳಲ್ಲಿ ನೋಡಿದ್ದಾರೆ. ಹಾಗಾದರೆ ಕಬ್ಬಿಣ ಹಾಕಿದರೆ ಸಾಕೇ? 2004ರಲ್ಲಿ ಪೂರ್ವ ಉಷ್ಣವಲಯದ ಅಟ್ಲಾಂಟಿಕದ ನೀರಿನಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಬಂತು: ಕಬ್ಬಿಣ ಒಂದನ್ನೇ ಕೊಟ್ಟರೆ ಸಾರಜನಕ ಹಿಡಿಯುವುದು ಏರಲಿಲ್ಲ, ರಂಜಕ ಒಂದನ್ನೇ ಕೊಟ್ಟರೂ ಇಲ್ಲ, ಎರಡನ್ನೂ ಕೊಟ್ಟಾಗ ಏರಿತು. ಸಹಾರಾದ ಧೂಳನ್ನೇ ಹಾಕಿದರೂ ಏರಿತು, ಅದರಲ್ಲಿ ಎರಡೂ ಇದ್ದವು.

ರಂಜಕದ ಮಾತು ತೊಗರಿಗೂ ಹಾಗೆಯೇ ಅನ್ವಯಿಸುತ್ತದೆ. 16 ಎಟಿಪಿಯ ಪ್ರತಿಯೊಂದರಲ್ಲೂ ರಂಜಕವಿದೆ. ಡಿಎಪಿ ಚೀಲದಿಂದ ತೊಗರಿಗೆ ಸಿಗುವ ನಿಜವಾದ ಲಾಭ ಆ 9 ಕಿಲೋ ಸಾರಜನಕಕ್ಕಿಂತ 23 ಕಿಲೋ ರಂಜಕದ್ದು (ರಂಜಕದ ಆಕ್ಸೈಡ್, P2O5, ಲೆಕ್ಕದಲ್ಲಿ) ಅನ್ನುವುದು ನಮ್ಮ ಅಭಿಪ್ರಾಯ. ಆದರೆ ಸುಣ್ಣದ ನೆಲದಲ್ಲಿ ಚೆಲ್ಲಿದ ರಂಜಕ ಕ್ಯಾಲ್ಸಿಯಂ ಜೊತೆ ಕೂಡಿ ಗಟ್ಟಿಯಾಗುತ್ತದೆ. ಆದ್ದರಿಂದ ಕೂರಿಗೆಯಲ್ಲಿ ಬೀಜದ ಸಾಲಿಗೆ ತುಸು ಕೆಳಗೆ, ಪಕ್ಕಕ್ಕೆ ಬೀಳುವಂತೆ ಹಾಕಬೇಕು, ಮೇಲೆ ಚೆಲ್ಲುವುದು ದುಡ್ಡು ಕಳೆಯುವ ದಾರಿ.

ರೈಜೋಬಿಯಂ ಪ್ಯಾಕೆಟ್ ಬಗ್ಗೆ ಎರಡು ಅತಿಗಳಿವೆ. ಹಾಕಿದರೆ ಗೊಬ್ಬರವೇ ಬೇಡ ಅನ್ನುವವರು ಒಂದು ಕಡೆ, ಅದೆಲ್ಲ ಕಲ್ಲಿದ್ದಲ ಪುಡಿ ಅನ್ನುವವರು ಇನ್ನೊಂದು ಕಡೆ. ಕಣ್ಣಿಗೆ ಕಾಣುವುದು ಲಿಗ್ನೈಟ್ ಪುಡಿಯೇ, ನಿಜ. ನಿಯಮದ ಪ್ರಕಾರ ಅದರ ಒಂದೊಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು, ದ್ರವ ರೂಪದ್ದಾದರೆ ಮಿಲಿಲೀಟರಿಗೆ 10 ಕೋಟಿ. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ತಗಡಿನ ಶೆಡ್ಡಿನಲ್ಲೋ ಜೀಪಿನ ಮುಂಭಾಗದಲ್ಲೋ ಬಿದ್ದ ಪ್ಯಾಕೆಟ್ಟಿನಲ್ಲಿ ಆ ಎಣಿಕೆ ಉಳಿಯುವುದಿಲ್ಲ. ಕೊನೆಯ ದಿನಾಂಕದ ಜೊತೆಗೆ ಬೆಳೆಯ ಹೆಸರನ್ನೂ ನೋಡಬೇಕು: ಕಡಲೆಯ ಗಂಟು ಕಟ್ಟುವುದು ಮೀಸೋರೈಜೋಬಿಯಂ, ಸೋಯಾದ್ದು, ತೊಗರಿಯದು ಬ್ರೇಡಿರೈಜೋಬಿಯಂ, ಅದರಲ್ಲೂ ಬೇರೆ ಬೇರೆ ತಳಿ. ಸೋಯಾದ ಪ್ಯಾಕೆಟ್ ಕಡಲೆಗೆ ಹಚ್ಚಿದರೆ ಏನೂ ಆಗುವುದಿಲ್ಲ.

ಎಕರೆಯ ಬೀಜ 5 ಕಿಲೋ ಅಂತಿಟ್ಟುಕೊಂಡರೆ 200 ಗ್ರಾಂ ಪ್ಯಾಕೆಟ್ ಒಂದು ಸಾಕು. ಕಾಲು ಲೀಟರ್ ನೀರಿಗೆ 25 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿ, ಪುಡಿ ಕಲಸಬೇಕು. ಬಿಸಿ ಇರುವಾಗಲೇ ಕಲಸುವುದು ಪದೇ ಪದೇ ಆಗುವ ತಪ್ಪು. ಬೀಜ ನೆನೆಯುವಷ್ಟು ಸುರಿಯಬಾರದು, ಸಿಪ್ಪೆಗೆ ಅಂಟುವಷ್ಟು ಸಾಕು; ಹೆಚ್ಚಾದರೆ ಸಿಪ್ಪೆ ಸುಕ್ಕುಗಟ್ಟಿ ಕೂರಿಗೆಯಲ್ಲಿ ಉದುರುತ್ತದೆ. ನೆರಳಿನಲ್ಲಿ ಅರ್ಧ ತಾಸು ಆರಿಸಿ ಅದೇ ದಿನ ಬಿತ್ತಬೇಕು. ನೆಟೆ ರೋಗಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಕಿಲೋ ಬೀಜಕ್ಕೆ 4 ಗ್ರಾಂ ಹಚ್ಚುವುದಾದರೆ ಜೊತೆಗೇ ಹಚ್ಚಬಹುದು. ರಾಸಾಯನಿಕ ಶಿಲೀಂಧ್ರನಾಶಕ ಇದ್ದರೆ ಅದು ಮೊದಲು, ಒಂದು ದಿನ ಬಿಟ್ಟು ರೈಜೋಬಿಯಂ ಕೊನೆಗೆ, ಪ್ರಮಾಣ ದುಪ್ಪಟ್ಟು. ಮಿರಗದ ಮಳೆ ಕಾಯದೆ ಒಣ ಮಣ್ಣಿಗೆ ಬಿತ್ತಿದರೆ ಕಾದ ನೆಲದಲ್ಲಿ ಬೀಜ ಉಳಿಯಬಹುದು, ಬ್ಯಾಕ್ಟೀರಿಯಾ ಉಳಿಯುವುದಿಲ್ಲ.

ಇಷ್ಟಾದರೂ ತಲೆಮಾರುಗಳಿಂದ ತೊಗರಿ ಬೆಳೆದ ಹೊಲದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರದಿರಬಹುದು. ಅಲ್ಲಿನ ಮಣ್ಣಿನಲ್ಲೇ ನೆಲೆನಿಂತ ತಳಿಗಳಿವೆ. ಹೊಸಬರಿಗೆ ಬೇರಿನಲ್ಲಿ ಜಾಗ ಸಿಗುವುದು ಕಷ್ಟ. ಬೀದರಿನ ಕಡೆ ಸೋಯಾ ಕಂಡಿರದ ಹೊಲದಲ್ಲಿ ಮೊದಲ ಸಲ ಬಿತ್ತುವಾಗ ಮಾತ್ರ ಪ್ಯಾಕೆಟ್ಟಿನ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ, ಸೋಯಾಗೆ ಒಗ್ಗುವ ತಳಿ ಆ ಮಣ್ಣಿನಲ್ಲಿ ಇರುವುದು ಅಪರೂಪ.

ತೊಗರಿ ಬೇರಿನ ಈ ವಂಶದ್ದೇ ಒಂದು ಸಂಬಂಧಿ ಸಮುದ್ರದಲ್ಲೂ ಇದೆಯೆಂದು 2024ರಲ್ಲಿ ಗೊತ್ತಾಯಿತು. ಉಷ್ಣವಲಯದ ಉತ್ತರ ಅಟ್ಲಾಂಟಿಕದಲ್ಲಿ, ಡಯಾಟಮ್ ಒಂದರ ಒಳಗೆ, ರೈಜೋಬಿಯಂ ಗುಂಪಿಗೆ ಸೇರಿದ ಬ್ಯಾಕ್ಟೀರಿಯಾ ಕುಳಿತು ಸಾರಜನಕ ಹಿಡಿದುಕೊಡುತ್ತಿದೆ. ಕಂಡುಹಿಡಿದವರು ಜರ್ಮನಿಯ ಬ್ರೆಮೆನ್‌ನ ಮ್ಯಾಕ್ಸ್ ಪ್ಲಾಂಕ್ ಸಮುದ್ರ ಸೂಕ್ಷ್ಮಜೀವಿ ಸಂಸ್ಥೆಯವರು. ಸಮುದ್ರದ ಸಾರಜನಕವನ್ನೆಲ್ಲ ಸಯನೋಬ್ಯಾಕ್ಟೀರಿಯಾಗಳೇ (ನೀಲಿ ಹಸಿರು ಪಾಚಿಗಳೇ) ತರುತ್ತವೆ ಅನ್ನುವ ಹಳೆಯ ನಂಬಿಕೆಗೆ ಅದು ದೊಡ್ಡ ಪೆಟ್ಟು. ಅದೇ ವರ್ಷ ಇನ್ನೊಂದು ಸುದ್ದಿ ಬಂತು. ಜೋನಾಥನ್ ಜೆಹರ್ ತಂಡ 1998ರಲ್ಲಿ ಪೆಸಿಫಿಕ್ ನೀರಿನಲ್ಲಿ ಬರೀ ಜೀನಿನ ತುಣುಕಾಗಿ ಕಂಡಿದ್ದ ಯುಸಿವೈಎನ್-ಎ ಎಂಬ ಜೀವಿ ಈಗ ಸ್ವತಂತ್ರ ಜೀವಿಯಾಗಿ ಉಳಿದಿಲ್ಲ. ಅದು ಪಾಚಿಯ ಕೋಶದ ಅಂಗವೇ ಆಗಿಬಿಟ್ಟಿದೆ, ಕೋಶ ಒಡೆಯುವಾಗ ತಾನೂ ಒಡೆಯುತ್ತದೆ, ಹಲವು ಪ್ರೋಟೀನುಗಳನ್ನು ಪಾಚಿಯಿಂದಲೇ ಆಮದು ಮಾಡಿಕೊಳ್ಳುತ್ತದೆ. ಅದಕ್ಕೆ ನೈಟ್ರೋಪ್ಲಾಸ್ಟ್ ಎಂದು ಹೆಸರಿಟ್ಟರು. ಆಮ್ಲಜನಕದ ಇಕ್ಕಟ್ಟಿಗೆ ಅದರ ಉತ್ತರ ಎಲ್ಲಕ್ಕಿಂತ ಒರಟು: ಆಮ್ಲಜನಕ ಹುಟ್ಟಿಸುವ ಯಂತ್ರವನ್ನೇ ಕಳೆದುಕೊಂಡು, ಸಕ್ಕರೆಗೆ ಪಾಚಿಯ ಮನೆಯಲ್ಲಿ ಉಳಿದುಬಿಟ್ಟಿತು. ಈ ಪಾಚಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಜಪಾನಿನ ಕ್ಯೋಕೊ ಹಗಿನೊ ವರ್ಷಗಟ್ಟಲೆ ಪಟ್ಟ ಪಾಡು ಇಲ್ಲದಿದ್ದರೆ ಇದೊಂದೂ ತಿಳಿಯುತ್ತಿರಲಿಲ್ಲ. ಇನ್ನು ಜೋಳಕ್ಕೆ, ಭತ್ತಕ್ಕೆ ನೈಟ್ರೋಪ್ಲಾಸ್ಟ್ ತುಂಬಿ ಯೂರಿಯಾ ಬಿಡಿಸುತ್ತೇವೆ ಅನ್ನುವ ಪತ್ರಿಕೆಯ ತಲೆಬರಹಗಳನ್ನು ಸದ್ಯಕ್ಕೆ ಪಕ್ಕಕ್ಕಿಡುವುದೇ ಒಳ್ಳೆಯದು.

ಅಳೆಯುವುದರಲ್ಲೂ ಬೇಕಾದಷ್ಟು ಮೋಸ ಹೋಗಲು ಅವಕಾಶವಿದೆ. ನೈಟ್ರೋಜಿನೇಸ್ ಅಸಿಟಿಲೀನನ್ನು ಎಥಿಲೀನ್ ಮಾಡುತ್ತದೆ, ಆದ್ದರಿಂದ ಗಂಟುಳ್ಳ ಬೇರನ್ನು ಮುಚ್ಚಿದ ಬಾಟಲಿಯಲ್ಲಿಟ್ಟು ಗಾಳಿಯ ಹತ್ತರಲ್ಲೊಂದು ಪಾಲು ಅಸಿಟಿಲೀನ್ ತುಂಬಿ ಎಥಿಲೀನ್ ಎಷ್ಟು ಬಂತೆಂದು ನೋಡುತ್ತಾರೆ. ಆದರೆ ಬೇರು ಅಗೆದ ಏಟಿಗೇ ಗಂಟಿನ ಕೆಲಸ ತಗ್ಗುತ್ತದೆ, ಅಸಿಟಿಲೀನ್ ಸೋಕಿದ ಕೆಲವೇ ನಿಮಿಷಗಳಲ್ಲಿ ಇನ್ನಷ್ಟು ಬೀಳುತ್ತದೆ. ಬಂದ ಎಥಿಲೀನನ್ನು ಮೂರರಿಂದ ಭಾಗಿಸಬೇಕೋ ನಾಲ್ಕರಿಂದಲೋ ಅನ್ನುವ ತಕರಾರು ಬೇರೆ. ಸಮುದ್ರದವರು ಭಾರದ ಸಾರಜನಕ, ಅಂದರೆ ತೂಕ 15ರ ಐಸೋಟೋಪಿನ ಅನಿಲವನ್ನು ನೀರಿನ ಬಾಟಲಿಗೆ ಗುಳ್ಳೆಯಾಗಿ ಬಿಟ್ಟು, 24 ತಾಸು ಇಟ್ಟು, ಸೋಸಿ, ಕೋಶಗಳಲ್ಲಿ ಅದು ಎಷ್ಟು ಸೇರಿತೆಂದು ಅಳೆಯುತ್ತಿದ್ದರು. 2010ರಲ್ಲಿ ವೀಬ್ಕೆ ಮೋರ್ ಮತ್ತು ಸಂಗಡಿಗರು ತೋರಿಸಿದ್ದು, ಗುಳ್ಳೆ ನೀರಿನಲ್ಲಿ ಕರಗುವುದಕ್ಕೇ ಎಷ್ಟೋ ತಾಸು ಹಿಡಿಯುತ್ತದೆ, ಅಷ್ಟರಲ್ಲಿ ಪ್ರಯೋಗವೇ ಮುಗಿಯುತ್ತಾ ಬಂದಿರುತ್ತದೆ ಅಂತ. ಅದಕ್ಕೂ ಹಿಂದಿನ ಎಷ್ಟೋ ಅಂಕಿಗಳು ಕಡಿಮೆ ಬಂದಿರುವ ಸಾಧ್ಯತೆ ಇದೆ. ನಾಲ್ಕು ವರ್ಷದ ಮೇಲೆ ಇನ್ನೊಂದು ತಂಡ, ಕೆಲವು ಸಿಲಿಂಡರಿನ ಅನಿಲದಲ್ಲೇ ಭಾರದ ಅಮೋನಿಯ, ನೈಟ್ರೇಟ್ ಬೆರೆತಿರುತ್ತದೆಂದು ಕಂಡುಹಿಡಿಯಿತು. ಹಾಗಾದಾಗ ಸಾರಜನಕ ಹಿಡಿಯದ ಪಾಚಿಯೂ ಹಿಡಿದಂತೆ ಕಾಣುತ್ತದೆ. ಈಗ ಅನಿಲವನ್ನು ಮೊದಲೇ ನೀರಿನಲ್ಲಿ ಕರಗಿಸಿ ಆ ನೀರನ್ನು ಬೆರೆಸುವ ರೂಢಿ ಬಂದಿದೆ. ಜಗತ್ತಿನ ಸಮುದ್ರಗಳೆಲ್ಲ ಸೇರಿ ವರ್ಷಕ್ಕೆ 10ರಿಂದ 20 ಕೋಟಿ ಟನ್ ಸಾರಜನಕ ಹಿಡಿಯುತ್ತವೆ ಅನ್ನುವ ಅಂದಾಜನ್ನು ಈ ಹಿನ್ನೆಲೆಯಲ್ಲಿಯೇ ಓದಬೇಕು. ಗೊಬ್ಬರದ ಕಾರ್ಖಾನೆಗಳದೂ ಆ ಮಟ್ಟದ ಅಂಕಿಯೇ.

ಸಾರಜನಕ ಬಿಟ್ಟಿ ಸಿಕ್ಕರೆ ಈ ಜೀವಿಗಳು ದುಡಿಯುವುದಿಲ್ಲ. ತೊಗರಿಗೆ ಎಕರೆಗೆ 10 ಕಿಲೋ ಸಾರಜನಕ ಗಂಟು ಕಟ್ಟುವತನಕದ ಆಸರೆ. ಅದರ ಮೇಲೆ ಹೂವಿನ ಹೊತ್ತಿಗೆ ಯೂರಿಯಾ ಚೆಲ್ಲಿದರೆ ಗಿಡ ಗಂಟಿಗೆ ಸಕ್ಕರೆ ಕಳಿಸುವುದನ್ನೇ ಕಡಿಮೆ ಮಾಡುತ್ತದೆ. ಟ್ರೈಕೋಡೆಸ್ಮಿಯಮ್ ಕೂಡ ನೈಟ್ರೇಟ್ ಸಿಕ್ಕಿದಾಗ ಗಾಳಿಯದನ್ನು ಹಿಡಿಯುವುದು ತಗ್ಗಿಸುತ್ತದೆ. ತೊಗರಿ ಬೆಳೆದರೆ ನೆಲಕ್ಕೆ ಸಾರಜನಕ ಬರುತ್ತದೆ ಅನ್ನುವ ಮಾತಿಗೂ ಒಂದು ಷರತ್ತಿದೆ. ಕಾಳು ಮಾರುಕಟ್ಟೆಗೆ, ಹೊಟ್ಟು ದನಕ್ಕೆ, ಕಟ್ಟಿಗೆ ಒಲೆಗೆ ಹೋದರೆ ಹೊಲಕ್ಕೆ ಉಳಿಯುವುದು ಉದುರಿದ ಎಲೆ ಮತ್ತು ಬೇರಷ್ಟೇ. ಎಲೆ ಉದುರುವ ಬೆಳೆ ಇದಾದ್ದರಿಂದ ಆ ಪಾಲೂ ಸಣ್ಣದಲ್ಲ, ಆದರೆ ಅದನ್ನು ಗುಡಿಸಿ ಸುಟ್ಟರೆ ಅದೂ ಇಲ್ಲ.

ಹಿಡಿದದ್ದು ಮತ್ತೆ ಗಾಳಿಗೆ ಹೋಗುವ ದಾರಿಯೂ ಇದೆ. ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1000 ಮೀಟರ್ ಆಳದಲ್ಲಿ ಆಮ್ಲಜನಕ ಬಹುತೇಕ ಮುಗಿದ ದೊಡ್ಡ ಪದರವಿದೆ. ಅಲ್ಲಿನ ಬ್ಯಾಕ್ಟೀರಿಯಾ ನೈಟ್ರೇಟನ್ನೇ ಉಸಿರಾಡಿ ಸಾರಜನಕದ ಅನಿಲ ಬಿಡುತ್ತವೆ, ನೀರು ನಿಂತ ಎರೆ ಹೊಲದಲ್ಲಿ ಆಗುವುದೂ ಇದೇ. ಗೋವಾ ಸಂಸ್ಥೆಯಲ್ಲಿದ್ದ ವಜೀಹ್ ನಖ್ವಿ ಈ ಪದರದ ಮೇಲೆ ದಶಕಗಳ ಕೆಲಸ ಮಾಡಿದ್ದಾರೆ. ಸಾರಜನಕ ಕಳೆದುಕೊಂಡು ರಂಜಕ ಉಳಿಸಿಕೊಂಡ ಆ ನೀರು ಮೇಲೆ ಬಂದರೆ 16:1ರ ಲೆಕ್ಕ ತಪ್ಪಿರುತ್ತದೆ, ಆಗ ಗಾಳಿಯಿಂದ ಹಿಡಿಯುವವರಿಗೆ ಮತ್ತೆ ಕೆಲಸ ಹುಟ್ಟುತ್ತದೆ.

ನಮ್ಮ ಹೊಲಗಳ ನೀರು ಮಾತ್ರ ಅರಬ್ಬಿ ಸಮುದ್ರಕ್ಕೆ ಹೋಗುವುದಿಲ್ಲ. ಕಲಬುರಗಿ, ಯಾದಗಿರಿಯದು ಭೀಮಾ, ಕೃಷ್ಣೆಯ ಮೂಲಕ, ಬೀದರಿನ ಬಹುಪಾಲು ಮಾಂಜ್ರಾ, ಗೋದಾವರಿಯ ಮೂಲಕ ಬಂಗಾಳ ಕೊಲ್ಲಿ ಸೇರುತ್ತದೆ. ಕೊಲ್ಲಿಯ ಆಳದಲ್ಲೂ ಆಮ್ಲಜನಕ ಬಡವಾದ ಪದರವಿದೆ, ಆದರೆ ಅಲ್ಲಿ ಅರಬ್ಬಿ ಸಮುದ್ರದಷ್ಟು ಸಾರಜನಕ ಹಾರಿಹೋಗುತ್ತಿಲ್ಲ. 2017ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಅಲ್ಲಿ ಲೀಟರಿಗೆ ನ್ಯಾನೋಮೋಲ್‌ಗಳಲ್ಲಿ ಎಣಿಸುವಷ್ಟು ಚೂರುಪಾರು ಆಮ್ಲಜನಕ ಉಳಿದಿದೆ. ನೈಟ್ರೇಟ್ ಅನಿಲವಾಗುವ ದಾರಿಯ ನಡುವಿನ ವಸ್ತುವಾದ ನೈಟ್ರೈಟ್ ಕೂಡಿಬೀಳದಂತೆ ತಡೆದಿರುವುದು ಆ ಚೂರೇ. ಮೇಲಿನಿಂದ ಹೆಚ್ಚು ಪಾಚಿ ಕೊಳೆತು ಇಳಿದರೆ ಆ ಚೂರೂ ಖರ್ಚಾಗಬಹುದು. ನದಿ ತರುವ ಸಿಹಿನೀರು ಕೊಲ್ಲಿಯ ಮೇಲೆ ಹಗುರವಾಗಿ ಹರಡಿ ತಳದ ನೈಟ್ರೇಟನ್ನು ಕೆಳಗೇ ಇಟ್ಟಿರುವುದರಿಂದ ಮೇಲ್ಪದರದ ಬೆಳವಣಿಗೆ ಸದ್ಯಕ್ಕೆ ಕಡಿಮೆ. ನದಿಯೇ ಹೊತ್ತು ತರುವ ನೈಟ್ರೇಟಿನ ದೊಡ್ಡ ಪಾಲು ಅಳಿವೆಯ ಆಸುಪಾಸಿನಲ್ಲೇ ಮುಗಿಯುತ್ತದೆ. ತೊಗರಿ ಹೊಲದಿಂದ ಹೋಗುವುದು ಅದರಲ್ಲಿ ಕಡಿಮೆಯೇ ಇರಬೇಕು. ನೀರಾವರಿಯ ಕಬ್ಬು, ಭತ್ತಕ್ಕೆ ಒಂದೇ ಸಲ ಚೆಲ್ಲುವ ಯೂರಿಯಾವನ್ನು ಮೂರು ಕಂತು ಮಾಡಿ, ನಿಂತ ನೀರು ತೆಳುವಾದಾಗ ಹಾಕಿದರೆ ಬೆಳೆಗೆ ಹೆಚ್ಚು ಸಿಗುತ್ತದೆ, ಕಾಲುವೆಗೆ ಕಡಿಮೆ ಹೋಗುತ್ತದೆ.